ಹತ್ತರ ನಾಣ್ಯ ನಡೆಯಬೇಕಾದರೆ



ಅರ್ಥಶಾಸ್ತ್ರದ ದತ್ತಿ ಉಪನ್ಯಾಸವೆಂದರೆ ಬಜೆಟ್ಟು, ಬಡ್ಡಿದರ, ವಿದೇಶಿ ವಿನಿಮಯ ಇಂಥ ವಿಷಯಗಳನ್ನು ಎತ್ತಿಕೊಳ್ಳುವುದು ರೂಢಿ. ನಾನು ಇಂದು ಹತ್ತು ರೂಪಾಯಿಯ ಬಗ್ಗೆ ಮಾತಾಡುತ್ತೇನೆ. ಹತ್ತು ರೂಪಾಯಿ ಕಾಗದದಲ್ಲಿರಬೇಕೋ ಲೋಹದಲ್ಲಿರಬೇಕೋ ಎಂಬುದು ಪ್ರಶ್ನೆ. ಮೊಬೈಲ್ ತೋರಿಸಿ ಹಣ ಕೊಡುವವರಿಗೆ ಈ ಪ್ರಶ್ನೆ ತಟ್ಟುವುದಿಲ್ಲ. ಆದರೆ ಮೊಳ ಲೆಕ್ಕದಲ್ಲಿ ಹೂವು ಮಾರುವವರು, ಸೊಪ್ಪಿನ ಕಟ್ಟು ಹೊತ್ತು ಬೀದಿ ಸುತ್ತುವವರು, ಕೂಲಿ ಮುಗಿಸಿ ಟೆಂಪೋದಲ್ಲಿ ಊರಿಗೆ ಮರಳುವವರು, ಇವರ ದಿನದ ವ್ಯವಹಾರವೆಲ್ಲ ಹತ್ತು ಇಪ್ಪತ್ತರಲ್ಲೇ ನಡೆಯುತ್ತದೆ. ದೇಶದ ನೋಟುಗಳಲ್ಲಿ ಅತ್ಯಂತ ಹರಿದ, ಎಣ್ಣೆ ಹಿಡಿದ, ಟೇಪು ಅಂಟಿಸಿದ ನೋಟುಗಳು ಇರುವುದೂ ಇವರ ಕೈಯಲ್ಲೇ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತರ ನೋಟು ಹೋಗಿ ನಾಣ್ಯವೇ ಉಳಿಯಬೇಕು; ಇಪ್ಪತ್ತರದೂ ಕ್ರಮೇಣ ಹಾಗೇ ಆಗಬೇಕು. ಆದರೆ ನೋಟಿನ ಮುದ್ರಣ ನಿಲ್ಲಿಸಿದರೆ ಸಾಕು, ನಾಣ್ಯ ತಾನಾಗಿ ನಡೆಯುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ನಾಣ್ಯವನ್ನು ಜನರ ಕೈಗೆ ತಲುಪಿಸುವುದು ಹೇಗೆಂದು ನಮ್ಮ ವ್ಯವಸ್ಥೆ ಸಾಕಷ್ಟು ಯೋಚಿಸಿದೆ. ಅದು ಜನರ ಕೈಯಿಂದ ಬ್ಯಾಂಕಿಗೆ ಮರಳುವುದು ಹೇಗೆಂದು ಯೋಚಿಸಿಲ್ಲ. ಇಡೀ ತೊಡಕು ಅಲ್ಲಿದೆ.

ಮೈಸೂರಿನಲ್ಲಿ ನಿಂತು ಈ ಮಾತಾಡುವುದಕ್ಕೆ ಕಾರಣವೂ ಇದೆ. ದೇಶದ ನೋಟು ಅಚ್ಚಾಗುವುದು ನಾಸಿಕ್, ದೇವಾಸ್, ಸಾಲ್ಬೊನಿ ಮತ್ತು ಮೈಸೂರುಗಳಲ್ಲಿ. ನೋಟಿನ ಹತ್ತಿ ಕಾಗದ ತಯಾರಿಸುವ ಗಿರಣಿ ಇಲ್ಲಿದೆ. 2022ರ ಮಾರ್ಚ್‌ನಲ್ಲಿ ನೋಟಿನ ಮಸಿ ತಯಾರಿಸುವ 'ವರ್ಣಿಕಾ' ಘಟಕವೂ ಇಲ್ಲೇ ಆರಂಭವಾಯಿತು. 2014ರಲ್ಲಿ ಕೇಂದ್ರ ಸರಕಾರ ಹತ್ತು ರೂಪಾಯಿಯ ಪ್ಲಾಸ್ಟಿಕ್ ನೋಟುಗಳನ್ನು, ಒಟ್ಟು ನೂರು ಕೋಟಿ ನೋಟುಗಳನ್ನು, ಐದು ಊರುಗಳಲ್ಲಿ ಪ್ರಯೋಗಕ್ಕೆ ಬಿಡುವುದಾಗಿ ಸಂಸತ್ತಿಗೆ ತಿಳಿಸಿತ್ತು. ಕೊಚ್ಚಿ, ಜೈಪುರ, ಶಿಮ್ಲಾ, ಭುವನೇಶ್ವರಗಳ ಜತೆ ಮೈಸೂರೂ ಆ ಪಟ್ಟಿಯಲ್ಲಿತ್ತು. ಬೇರೆ ಬೇರೆ ಹವೆಯಲ್ಲಿ ನೋಟು ಹೇಗೆ ಬಾಳುತ್ತದೆಂದು ನೋಡುವ ಉದ್ದೇಶ. ಆ ನೋಟು ನಮ್ಮ ಕೈಗೆ ಬರಲೇ ಇಲ್ಲ. ಆದರೆ ಆ ಯೋಜನೆ ಒಂದು ವಿಷಯವನ್ನು ಒಪ್ಪಿಕೊಂಡಿತ್ತು: ಹತ್ತರ ಕಾಗದ ನೋಟು ಜನರ ಬಳಕೆಯ ರಭಸ ತಾಳುತ್ತಿಲ್ಲ.

ಈ ದೇಶದಲ್ಲಿ ಸಣ್ಣ ಮೊತ್ತಕ್ಕೆ ಕಾಗದ ಬಂದದ್ದು ಅನುಕೂಲಕ್ಕಾಗಿ ಅಲ್ಲ, ಲೋಹದ ಅಭಾವದಿಂದ. ಮೊದಲ ಮಹಾಯುದ್ಧದ ಹೊತ್ತಿಗೆ ಬೆಳ್ಳಿಯ ಬೆಲೆ ಏರಿ, ರೂಪಾಯಿಯೊಳಗಿನ ಬೆಳ್ಳಿಯೇ ರೂಪಾಯಿಗಿಂತ ದುಬಾರಿಯಾಗುವ ಸ್ಥಿತಿ ಬಂತು. ಜನ ಬೆಳ್ಳಿ ರೂಪಾಯಿಯನ್ನು ಕೂಡಿಟ್ಟರು, ಕರಗಿಸಿದರು. 1917ರ ನವೆಂಬರ್ 30ರಂದು ಐದನೇ ಜಾರ್ಜ್ ದೊರೆಯ ಚಿತ್ರವಿದ್ದ ಒಂದು ರೂಪಾಯಿ ನೋಟು ಹೊರಬಂತು. ಮರುವರ್ಷ ಎರಡೂವರೆ ರೂಪಾಯಿಯ ನೋಟು. ಅದೂ ಸಾಲದೆ 1918ರಲ್ಲಿ ಅಮೆರಿಕದ ಪಿಟ್‌ಮನ್ ಕಾಯ್ದೆಯ ಮೂಲಕ ಅಲ್ಲಿನ ಖಜಾನೆಯಿಂದ ಸುಮಾರು 20 ಕೋಟಿ ಔನ್ಸ್ ಬೆಳ್ಳಿ ಭಾರತಕ್ಕಾಗಿ ಬರಬೇಕಾಯಿತು. 1926ರಲ್ಲಿ ಒಂದರ ನೋಟು ನಿಂತಿತು. 1940ರಲ್ಲಿ ಇನ್ನೊಂದು ಯುದ್ಧದ ನಡುವೆ ಮತ್ತೆ ಬಂತು. 1943ರಲ್ಲಿ ಎರಡರ ನೋಟು ಬಂತು. ಅದೇ ವರ್ಷ ತಾಮ್ರ ಉಳಿಸಲೆಂದು ನಡುವೆ ತೂತಿರುವ ಕಾಸನ್ನು ಠಂಕಿಸಿದರು. ನಮ್ಮ ಹಿರಿಯರ ಮನೆಗಳ ಹಳೆಯ ಡಬ್ಬಗಳಲ್ಲಿ ಈಗಲೂ ಅದು ಸಿಗುತ್ತದೆ. ಬಿಕಾನೇರ್, ಮೋರ್ವಿಯಂಥ ಸಂಸ್ಥಾನಗಳು ಚಿಲ್ಲರೆ ಸಿಗದೆ ರಟ್ಟಿನ ಕೂಪನ್ನುಗಳನ್ನೇ ಕಾಸಿನ ಬದಲು ಹಂಚಿದವು.

ಒಂದು ರೂಪಾಯಿ ನೋಟಿನ ಮೇಲೆ ಇಂದಿಗೂ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿ ಇರುವುದಿಲ್ಲ, ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. ಹಣ ಕೊಡುತ್ತೇನೆಂಬ ವಚನವೂ ಅದರ ಮೇಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅದು ನಾಣ್ಯವೇ, ಕಾಗದದ ಮೇಲಿದೆ ಅಷ್ಟೆ. ಲೋಹ ಸಾಲದಾಗ ಸರಕಾರ ಮಾಡಿಕೊಂಡ ತಾತ್ಕಾಲಿಕ ಏರ್ಪಾಡು ನೂರು ವರ್ಷ ದಾಟಿ ಉಳಿದಿದೆ.

ಲೋಹಕ್ಕೆ ಮರಳುವ ದೊಡ್ಡ ಪ್ರಯತ್ನ ನಡೆದದ್ದು 1990ರ ದಶಕದಲ್ಲಿ. 1994 ಮತ್ತು 1995ರಲ್ಲಿ ಒಂದು, ಎರಡು, ಐದು ರೂಪಾಯಿ ನೋಟುಗಳ ಮುದ್ರಣವನ್ನು ಒಂದರ ಹಿಂದೊಂದು ನಿಲ್ಲಿಸಿದರು. ಇಂದು ಈ ಸಭೆಯಲ್ಲಿರುವ ವಿದ್ಯಾರ್ಥಿಗಳು ಹುಟ್ಟುವ ಮುಂಚಿನ ಮಾತು, ಹಿರಿಯರಿಗೆ ನೆನಪಿರುತ್ತದೆ. ನೋಟು ನಿಂತಿತು, ನಾಣ್ಯ ಸಾಲಲಿಲ್ಲ. ನಮ್ಮ ಟಂಕಸಾಲೆಗಳು ಬೇಡಿಕೆಯ ಹಿಂದೆ ಬಿದ್ದವು. ಬಸ್ಸಿನ ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದರು, ಅಂಗಡಿಯವರು ಚಿಲ್ಲರೆಯ ಬದಲು ಚಾಕಲೇಟು ಕೊಡುತ್ತಿದ್ದರು, ವ್ಯಾಪಾರಿಗಳು ಕಮಿಷನ್ ತೆತ್ತು ಚಿಲ್ಲರೆ ಕೊಳ್ಳುತ್ತಿದ್ದರು. ಕೊನೆಗೆ ಭಾರತದ ನಾಣ್ಯವನ್ನು ಪ್ರಿಟೋರಿಯ, ದಕ್ಷಿಣ ಕೊರಿಯದ ತೇಗು, ಬ್ರಿಟನ್ನಿನ ಲಾಂತ್ರಿಸಂಟ್, ಮಾಸ್ಕೋ, ಸ್ಲೊವಾಕಿಯದ ಕ್ರೆಮ್ನಿತ್ಸಗಳಲ್ಲಿ ಠಂಕಿಸಿ ತರಿಸಬೇಕಾಯಿತು. ಬೇಕಾದರೆ ನಿಮ್ಮ ಬಳಿಯ ನಾಣ್ಯದ ಇಸವಿಯ ಕೆಳಗೆ ನೋಡಿ. ಪುಟ್ಟ ವಜ್ರದಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಈ ನಾಲ್ಕಕ್ಕೂ ಸೇರದ ಗುರುತು ಕಂಡರೆ ಅದು ಬಹುಮಟ್ಟಿಗೆ ಆ ಅಭಾವದ ಕಾಲದ ದಾಖಲೆ. ಹೊಸ ಶತಮಾನದ ಆರಂಭದಲ್ಲಿ ಐದರ ನೋಟನ್ನು ಮತ್ತೆ ಅಚ್ಚು ಹಾಕಿದರು. 2015ರಲ್ಲಿ ಒಂದರ ನೋಟೂ ಮರಳಿ ಬಂತು.

ಅಭಾವಕ್ಕೆ ಇನ್ನೊಂದು ಮುಖವಿತ್ತು. ನಿಕ್ಕಲು ಬೆರೆತ ಹಳೆಯ ದಪ್ಪ ನಾಣ್ಯಗಳ ಲೋಹದ ಬೆಲೆ ಮುಖಬೆಲೆಯನ್ನು ಮೀರತೊಡಗಿದಾಗ ಅವನ್ನು ಬಾಂಗ್ಲಾದೇಶಕ್ಕೆ ಸಾಗಿಸಿ, ಕರಗಿಸಿ, ಶೇವಿಂಗ್ ಬ್ಲೇಡು ಮಾಡುತ್ತಿದ್ದಾರೆಂದು 2007ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ನಾಣ್ಯಗಳು ಅಗ್ಗದ ಸ್ಟೇನ್‌ಲೆಸ್ ಉಕ್ಕಿಗೆ ಬದಲಾಗಿದ್ದಕ್ಕೆ ಲೋಹದ ಬೆಲೆಯೇ ಕಾರಣ. 1917ರಲ್ಲಿ ಬೆಳ್ಳಿಗೆ ಆದದ್ದೇ ತೊಂಬತ್ತು ವರ್ಷದ ಮೇಲೆ ನಿಕ್ಕಲಿಗೆ ಆಯಿತು. ನಾಣ್ಯ ಬೇಕೆನ್ನುವವರು ಇದನ್ನು ಮರೆಯಬಾರದು. ನಾಣ್ಯದ ಲೋಹಕ್ಕೆ ಮುಖಬೆಲೆಗಿಂತ ಬಹಳ ಕಡಿಮೆ ಬೆಲೆ ಇರಬೇಕು, ಆದರೂ ಖೋಟಾ ಮಾಡುವುದು ಕಷ್ಟವಾಗಿರಬೇಕು. ಎರಡನ್ನೂ ಒಟ್ಟಿಗೆ ಸಾಧಿಸುವುದೇ ಟಂಕಸಾಲೆಯ ಕಸುಬು.

ಕನ್ನಡಿಗರಾದ ನಮಗೆ ಇದು ಹೊಸ ಪಾಠವಲ್ಲ. ಗಿರೀಶ ಕಾರ್ನಾಡರ 'ತುಘಲಕ್' ನೋಡಿದವರಿಗೆ ತಾಮ್ರದ ನಾಣ್ಯದ ಕಥೆ ಗೊತ್ತು. ಹದಿನಾಲ್ಕನೇ ಶತಮಾನದಲ್ಲಿ ಮಹಮ್ಮದ್ ಬಿನ್ ತುಘಲಕ್ ಕೀಳುಲೋಹದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕೊಟ್ಟ. ಅದನ್ನು ಯಾರು ಬೇಕಾದರೂ ಮನೆಯಲ್ಲೇ ಠಂಕಿಸಬಹುದಿತ್ತು, ಠಂಕಿಸಿದರು. ಅವನು ಮಾತು ತಪ್ಪದೆ ಖಜಾನೆಯಲ್ಲಿ ಅವನ್ನೆಲ್ಲ ತೆಗೆದುಕೊಂಡು ಬೆಳ್ಳಿ ಬಂಗಾರ ಕೊಟ್ಟ, ಖಜಾನೆ ಬರಿದಾಯಿತು. ಮುಖಬೆಲೆಗಿಂತ ಅಗ್ಗದ ಲೋಹದ ನಾಣ್ಯವೆಂಬ ಕಲ್ಪನೆ ಮೂರ್ಖತನವಲ್ಲ, ಇಂದು ಜಗತ್ತಿನಲ್ಲಿ ಚಲಾವಣೆಯಲ್ಲಿರುವ ಬಹುಪಾಲು ನಾಣ್ಯ ಅಂಥದ್ದೇ. ಅವನಲ್ಲಿ ಇಲ್ಲದ್ದು ಖೋಟಾ ತಡೆಯುವ ಅಚ್ಚು.

ಈಗ ಲೆಕ್ಕಕ್ಕೆ ಬರೋಣ. ಮಾಹಿತಿ ಹಕ್ಕಿನಡಿ ಸಿಕ್ಕಿ ಪತ್ರಿಕೆಗಳಲ್ಲಿ ಪ್ರಕಟವಾದ ಉತ್ತರಗಳ ಪ್ರಕಾರ, 2018ರ ಸುಮಾರಿಗೆ ಹತ್ತರ ನಾಣ್ಯವೊಂದಕ್ಕೆ ತಗಲುತ್ತಿದ್ದ ವೆಚ್ಚ 5 ರೂಪಾಯಿ 54 ಪೈಸೆ. 2021–22ರಲ್ಲಿ ಹತ್ತರ ನೋಟು ಸಾವಿರಕ್ಕೆ 960 ರೂಪಾಯಿ, ಅಂದರೆ ಒಂದಕ್ಕೆ 96 ಪೈಸೆ. ಎರಡೂ ಒಂದೇ ವರ್ಷದ ಅಂಕಿಗಳಲ್ಲ, ಆದರೂ ಅಂದಾಜಿಗೆ ಸಾಕು. ಒಂದು ನಾಣ್ಯದ ಬೆಲೆಗೆ ಸುಮಾರು ಆರು ನೋಟು ಬರುತ್ತವೆ. ಹತ್ತರ ನೋಟು ಒಂದು ವರ್ಷ ಬಾಳುತ್ತದೆಂದು ಹಿಡಿದರೆ ಆರನೆಯ ವರ್ಷಕ್ಕೆ ಸಮ. ಅಲ್ಲಿಂದ ಮುಂದೆ ನಾಣ್ಯದ ಪ್ರತಿ ವರ್ಷವೂ ಉಳಿತಾಯ. 1990ರ ದಶಕದ ಐದರ ನಾಣ್ಯ ಇಂದಿಗೂ ಕೈಯಿಂದ ಕೈಗೆ ಓಡಾಡುತ್ತಿದೆ. ಇಷ್ಟರ ಮೇಲೆ ಮಾಸಿದ ನೋಟುಗಳನ್ನು ವಾಪಸು ಪಡೆದು, ವಿಂಗಡಿಸಿ, ಚೂರು ಮಾಡುವ ಖರ್ಚು ನೋಟಿನ ಲೆಕ್ಕಕ್ಕೆ ಬೇರೆ ಸೇರುತ್ತದೆ. 2024ರ ಮಾರ್ಚ್ ಕೊನೆಯಲ್ಲಿ ಚಲಾವಣೆಯಲ್ಲಿದ್ದ ಹತ್ತರ ನೋಟುಗಳು ಸುಮಾರು 2,500 ಕೋಟಿ. ಸಂಖ್ಯೆಯಲ್ಲಿ ಐನೂರರ ನೋಟು ಬಿಟ್ಟರೆ ಅದೇ ಹೆಚ್ಚು.

ಲೆಕ್ಕ ಇಷ್ಟು ಸುಲಭವಿದ್ದರೆ ಈ ಉಪನ್ಯಾಸವನ್ನು ಇಲ್ಲಿಗೇ ಮುಗಿಸಬಹುದಿತ್ತು. ಬೇರೆ ದೇಶಗಳಲ್ಲಿ ಏನಾಯಿತು ನೋಡಿ.

ಕೆನಡ 1987ರಲ್ಲಿ ಒಂದು ಡಾಲರಿನ ನಾಣ್ಯ ತಂದಿತು. ಅದಕ್ಕೆಂದು ಸಿದ್ಧವಾದ ಮೂಲ ಅಚ್ಚುಗಳು ಅಟ್ಟಾವದಿಂದ ವಿನಿಪೆಗ್ಗಿಗೆ ಹೋಗುವ ದಾರಿಯಲ್ಲಿ ಕಳೆದುಹೋದವು. ಖೋಟಾದ ಭಯದಿಂದ ವಿನ್ಯಾಸವನ್ನೇ ಬದಲಿಸಿ ಲೂನ್ ಎಂಬ ನೀರಹಕ್ಕಿಯ ಚಿತ್ರ ಹಾಕಿದರು. ಜನ ನಾಣ್ಯವನ್ನು 'ಲೂನಿ' ಎಂದೇ ಕರೆದರು. ಜನರಿಗೆ ಅದು ಮೊದಲು ಇಷ್ಟವಾಗಲಿಲ್ಲ. 1989ರಲ್ಲಿ ಒಂದು ಡಾಲರಿನ ನೋಟು ಕೊಡುವುದನ್ನು ಅಲ್ಲಿನ ಕೇಂದ್ರ ಬ್ಯಾಂಕ್ ನಿಲ್ಲಿಸಿತು. ಅಲ್ಲಿಗೆ ಗೊಣಗಾಟ ತಣ್ಣಗಾಯಿತು. 1996ರಲ್ಲಿ ಎರಡು ಡಾಲರಿಗೂ ಹೀಗೇ ಮಾಡಿದರು. ಬ್ರಿಟನ್ 1983ರ ಏಪ್ರಿಲ್‌ನಲ್ಲಿ ಒಂದು ಪೌಂಡಿನ ನಾಣ್ಯ ತಂದು, 1988ರಲ್ಲಿ ನೋಟಿನ ಮಾನ್ಯತೆ ತೆಗೆಯಿತು. ಮುಂದೆ ಆ ನಾಣ್ಯದಲ್ಲಿ ಸುಮಾರು ಮೂವತ್ತಕ್ಕೊಂದು ಖೋಟಾ ಎಂದು ಗೊತ್ತಾಗಿ, 2017ರಲ್ಲಿ ಹನ್ನೆರಡು ಮೂಲೆಯ, ಎರಡು ಲೋಹದ ಹೊಸ ನಾಣ್ಯ ಬಂತು. ನಮ್ಮ ಇಪ್ಪತ್ತರ ನಾಣ್ಯಕ್ಕೂ ಹನ್ನೆರಡು ಮೂಲೆ.

ಅಮೆರಿಕ ನೋಟನ್ನೂ ಉಳಿಸಿಕೊಂಡು ನಾಣ್ಯವನ್ನೂ ತಂದಿತು. 1979ರ ಸೂಸನ್ ಆಂಟನಿ ಡಾಲರು ಕಾಲು ಡಾಲರಿನಂತೆಯೇ ಕಾಣುತ್ತದೆಂದು ಜನ ದೂರ ಇಟ್ಟರು. 2000ದಲ್ಲಿ ಸಕಾಜವಿಯಾ ನಾಣ್ಯ, 2007ರಿಂದ ಅಧ್ಯಕ್ಷರ ಚಿತ್ರಗಳ ನಾಣ್ಯ. ಯಾವುದೂ ನಡೆಯಲಿಲ್ಲ. 2011ರ ಕೊನೆಯ ಹೊತ್ತಿಗೆ ಯಾರಿಗೂ ಬೇಡವಾದ ನೂರು ಕೋಟಿಗೂ ಹೆಚ್ಚು ಡಾಲರ್ ನಾಣ್ಯಗಳು ತಿಜೋರಿಗಳಲ್ಲಿ ಬಿದ್ದಿದ್ದವು. ಚಲಾವಣೆಗೆಂದು ಠಂಕಿಸುವುದನ್ನು ನಿಲ್ಲಿಸಿದರು. ಅಲ್ಲಿನ ಸರಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾಣ್ಯದ ಪರವಾಗಿ ವರದಿ ಬರೆಯುತ್ತ ಬಂದಿತ್ತು. 2019ರಲ್ಲಿ ಅದೇ ಸಂಸ್ಥೆ ತನ್ನ ಲೆಕ್ಕವನ್ನು ತಿರುಗಿಸಿತು: ನೋಟಿನ ಆಯುಷ್ಯ ಹೆಚ್ಚಾಗಿದೆ, ಈಗ ನಾಣ್ಯಕ್ಕೆ ಬದಲಾದರೆ ಸರಕಾರಕ್ಕೆ ನಷ್ಟ.

ಆ ವರದಿಗಳಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ನಾಣ್ಯದಿಂದ ಬರುತ್ತದೆಂದು ತೋರಿಸಿದ ಲಾಭದ ಬಹುಪಾಲು ಮುದ್ರಣದ ಉಳಿತಾಯವಾಗಿರಲಿಲ್ಲ. ಮುಖಬೆಲೆಗೂ ತಯಾರಿಕೆಯ ವೆಚ್ಚಕ್ಕೂ ನಡುವಿನ ಅಂತರ ಸರಕಾರಕ್ಕೆ ಸೇರುತ್ತದೆ. ನಾಣ್ಯಗಳು ಡಬ್ಬಗಳಲ್ಲಿ, ಮೇಜಿನ ಡ್ರಾಯರುಗಳಲ್ಲಿ ಸುಮ್ಮನೆ ಕೂರುವುದರಿಂದ ಒಂದು ನೋಟಿನ ಜಾಗಕ್ಕೆ ಒಂದೂವರೆ ನಾಣ್ಯ ಬೇಕಾಗುತ್ತದೆ. ಹಾಗೆ ಕೂತ ನಾಣ್ಯ ಜನರು ಸರಕಾರಕ್ಕೆ ಕೊಟ್ಟ ಬಡ್ಡಿಯಿಲ್ಲದ ಸಾಲ. ಭಾರತದಲ್ಲಿ ನಾಣ್ಯ ಹೊರಡಿಸುವ ಅಧಿಕಾರ ಕೇಂದ್ರ ಸರಕಾರದ್ದು. ರಿಸರ್ವ್ ಬ್ಯಾಂಕು ಮುಖಬೆಲೆ ಕೊಟ್ಟು ಪಡೆದು ಹಂಚುತ್ತದೆ. ಬಡವರ ಡಬ್ಬದಲ್ಲಿ ಸಿಕ್ಕಿಕೊಂಡ ನಾಣ್ಯದಿಂದ ಖಜಾನೆ ತುಂಬುವ ಸುಧಾರಣೆ ನನಗೆ ಬೇಡ. ನಾಣ್ಯ ಓಡಾಡುವುದಾದರೆ ಮಾತ್ರ ಅದು ನೋಟಿಗಿಂತ ಮೇಲು.

ಕೆನಡ, ಬ್ರಿಟನ್ನುಗಳನ್ನು ತೋರಿಸಿ, ಎರಡನ್ನೂ ಇಟ್ಟುಕೊಂಡದ್ದೇ ಅಮೆರಿಕದ ತಪ್ಪು, ನೋಟು ನಿಲ್ಲಿಸಿದರೆ ಸಾಕು ಎನ್ನುವುದು ಸಾಮಾನ್ಯ ವಾದ. ಅದು ಅರ್ಧ ಸತ್ಯ. 1995ರಲ್ಲಿ ನಾವೂ ನಿಲ್ಲಿಸಿ ನೋಡಿದೆವು, ಆದದ್ದನ್ನು ಈಗಷ್ಟೇ ಹೇಳಿದೆ. ನಮ್ಮ ತೊಡಕಿನ ಬೇರು ನೋಡಬೇಕಾದರೆ ಕರ್ನಾಟಕದ ಯಾವುದಾದರೂ ಸಣ್ಣ ಊರಿನ ಅಂಗಡಿಯ ಮುಂದೆ ನಿಲ್ಲಬೇಕು. ಹತ್ತರ ನಾಣ್ಯ ಕೊಟ್ಟರೆ ಬರುವ ಉತ್ತರ ಎಲ್ಲರಿಗೂ ಗೊತ್ತು: "ಈ ಕಾಯಿನ್ ನಡೆಯಲ್ಲ." ಅದೇ ನಾಣ್ಯ ಮುಂಬೈ, ದೆಹಲಿಗಳಲ್ಲಿ ಸಲೀಸಾಗಿ ನಡೆಯುತ್ತದೆ. ಒಂದೇ ದೇಶದ ಒಂದೇ ದುಡ್ಡು ಗಡಿ ದಾಟಿದರೆ ದುಡ್ಡಲ್ಲ!

ಈ 'ನಡೆಯಲ್ಲ' ಎಲ್ಲಿಂದ ಬಂತು? ಎರಡು ಲೋಹದ ಹತ್ತರ ನಾಣ್ಯ ಜನರ ಕೈಗೆ ಬಂದದ್ದು 2009ರಲ್ಲಿ. 2010ರ ಜುಲೈನಲ್ಲಿ ರೂಪಾಯಿಗೆ ಹೊಸ ಚಿಹ್ನೆ ಬಂತು, 2011ರಿಂದ ನಾಣ್ಯಗಳ ಮೇಲೂ ಅದು ಬಂತು. ಹಳೆಯದರ ಮೇಲೆ ಚಿಹ್ನೆ ಇಲ್ಲ, ಹೊಸದರ ಮೇಲೆ ಇದೆ. ಕೆಲವದರಲ್ಲಿ ಅಂಕಿಯ ಮೇಲೆ ಹತ್ತು ಗೆರೆ, ಕೆಲವದರಲ್ಲಿ ಹದಿನೈದು. ಅದರ ನಡುವೆ ಬಗೆಬಗೆಯ ಸ್ಮಾರಕ ವಿನ್ಯಾಸಗಳು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಪ್ರಕಟಣೆ ಹೊರಡಿಸಿ, ಹತ್ತರ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಸಿಂಧು ಎಂದು ಸ್ಪಷ್ಟಪಡಿಸಿತು. 14440 ಸಂಖ್ಯೆಗೆ ಕರೆಮಾಡಿ ಕೇಳಿಕೊಳ್ಳಿ ಎಂದೂ ಹೇಳಿತು. ಒಂಬತ್ತು ವರ್ಷಗಳಲ್ಲಿ 14 ಮುಖ ಬದಲಿಸಿದ ನಾಣ್ಯವನ್ನು ಸೊಪ್ಪು ಮಾರುವ ಹೆಂಗಸು ಅನುಮಾನಿಸಿದರೆ ಅದು ಅವರ ಅಜ್ಞಾನವಲ್ಲ. ನಾಣ್ಯವನ್ನು ಗುರುತು ಹಿಡಿಯುವುದಕ್ಕೆ ಅವರಿಗಿರುವ ಸಾಧನ ಕಣ್ಣು ಮತ್ತು ಬೆರಳು. ಅವೆರಡನ್ನೂ ನಾವು ಗೊಂದಲಕ್ಕೆ ಕೆಡವಿದ್ದೇವೆ. ಸ್ಮಾರಕ ನಾಣ್ಯ ಸಂಗ್ರಹಕಾರರಿಗಿರಲಿ. ದಿನ ಬೆಳಗಾದರೆ ದುಡಿಯುವ ನಾಣ್ಯಕ್ಕೆ ಒಂದೇ ಮುಖ ಸಾಕು.

ಆದರೆ ಗಾಳಿಮಾತು ಮೂಲ ಕಾರಣವಲ್ಲ. ಹಾಗಿದ್ದರೆ ಪ್ರಕಟಣೆಯ ನಂತರ ಅದು ಅಡಗಬೇಕಿತ್ತು. ಅಂಗಡಿಯವರನ್ನು ಬಿಡುವಿನಲ್ಲಿ ಕೇಳಿದರೆ ನಿಜ ಹೊರಬರುತ್ತದೆ. ನಾಣ್ಯ ಖೋಟಾ ಎಂದು ಅವರು ನಂಬಿರುವುದಿಲ್ಲ. "ನಾನು ಇಸ್ಕೊಂಡರೆ ಹೋಲ್‌ಸೇಲ್‌ನವರು ಇಸ್ಕೊಳ್ಳಲ್ಲ" ಎನ್ನುತ್ತಾರೆ. ಹೋಲ್‌ಸೇಲ್‌ನವರನ್ನು ಕೇಳಿದರೆ ಬ್ಯಾಂಕಿನಲ್ಲಿ ಕಟ್ಟಿಸಿಕೊಳ್ಳುವುದಿಲ್ಲ ಎನ್ನುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆ ಎಣಿಸಲು ಪುರಸೊತ್ತಿಲ್ಲ, ಚೀಲ ಇಡಲು ಜಾಗವಿಲ್ಲ, ನಗದು ಕೂಡಿಡುವ ಕರೆನ್ಸಿ ಚೆಸ್ಟ್ ಕೂಡ ತುಂಬಿಹೋಗಿದೆ. ಹೀಗೆ ನಿರಾಕರಣೆ ಮೇಲಿನಿಂದ ಕೆಳಗೆ ಇಳಿಯುತ್ತ ಬಂದು, ಕೊನೆಗೆ ಕೂಲಿಯ ಕೈಯಲ್ಲಿ ಹತ್ತರ ನಾಣ್ಯ ಸತ್ತು ಬೀಳುತ್ತದೆ. ನಷ್ಟ ಹೊರುವವರು ಅವರೇ.

2016ರ ನೋಟು ರದ್ದತಿಯ ದಿನಗಳನ್ನು ನೆನೆಯಿರಿ. ನೋಟಿಲ್ಲದೆ ಬ್ಯಾಂಕುಗಳು ಜನರಿಗೆ ಹತ್ತರ ನಾಣ್ಯಗಳ ಚೀಲಗಳನ್ನೇ ಕೊಟ್ಟವು. ನೋಟು ಮರಳಿ ಬಂದ ಮೇಲೆ ಆ ಚೀಲಗಳನ್ನು ವಾಪಸು ತೆಗೆದುಕೊಳ್ಳುವ ಉತ್ಸಾಹ ಯಾರಿಗೂ ಉಳಿಯಲಿಲ್ಲ. 2018ರ ಜನವರಿಯಲ್ಲಿ ಉಗ್ರಾಣ ತುಂಬಿದ್ದರಿಂದ ದೇಶದ ನಾಲ್ಕೂ ಟಂಕಸಾಲೆಗಳು ಕೆಲವು ದಿನ ಕೆಲಸ ನಿಲ್ಲಿಸಿದವು. ಅದಕ್ಕೆ ಇಪ್ಪತ್ತು ವರ್ಷ ಹಿಂದೆ ಮಾಸ್ಕೋದಿಂದ ನಾಣ್ಯ ತರಿಸಿದ ದೇಶ ಇದು.

ಕಾನೂನು ಏನೆನ್ನುತ್ತದೆ? 2011ರ ನಾಣ್ಯ ಕಾಯ್ದೆಯಂತೆ ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳು ಒಂದು ಸಾವಿರ ರೂಪಾಯಿಯವರೆಗಿನ ಪಾವತಿಗೆ ಸಿಂಧು. ಬ್ಯಾಂಕಿಗೆ ಕಟ್ಟುವುದಕ್ಕೆ ರಿಸರ್ವ್ ಬ್ಯಾಂಕು ಮಿತಿ ಇಟ್ಟಿಲ್ಲ. ಶಾಖೆಗಳು ನಾಣ್ಯ ಬೇಡವೆನ್ನಬಾರದು, ಬೇಕಾದರೆ ತೂಕ ಮಾಡಿ, ನೂರು ನೂರರ ಪೊಟ್ಟಣ ಮಾಡಿಸಿಯಾದರೂ ಪಡೆಯಬೇಕು ಎಂಬ ನಿರ್ದೇಶನ ಇದೆ. ಆದರೆ ಪ್ರೋತ್ಸಾಹಧನದ ಪಟ್ಟಿ ನೋಡಿ. ನಾಣ್ಯ ಹಂಚಿದರೆ ಬ್ಯಾಂಕಿಗೆ ಚೀಲಕ್ಕೆ 25 ರೂಪಾಯಿ ಸಿಗುತ್ತಿತ್ತು; 2021ರ ಸೆಪ್ಟೆಂಬರಿನಿಂದ ಅದನ್ನು 65ಕ್ಕೆ ಏರಿಸಿದರು. ಮಾಸಿದ ಸಣ್ಣ ನೋಟು ಬದಲಿಸಿಕೊಟ್ಟರೂ ಕಟ್ಟಿಗೆ ಇಂತಿಷ್ಟೆಂದು ಪ್ರೋತ್ಸಾಹಧನವಿದೆ. ಜನರಿಂದ ನಾಣ್ಯ ವಾಪಸು ಪಡೆದರೆ? ಅದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಹೊರಗೆ ತಳ್ಳಿದರೆ ಕಾಸು, ಒಳಗೆ ಕರೆದುಕೊಂಡರೆ ಬರಿ ಶ್ರಮ. ಇಂಥ ಏರ್ಪಾಡಿನಲ್ಲಿ ಯಾವ ಕ್ಯಾಷಿಯರನ್ನೂ ನಾನು ದೂರಲಾರೆ.

ಕೆರೆಗೆ ತೂಬಿದ್ದಂತೆ ನೀರು ಬರುವ ಕಾಲುವೆಯೂ ಇರಬೇಕು. ಹತ್ತರ ನಾಣ್ಯಕ್ಕೆ ತೂಬು ತೆಗೆದಿಟ್ಟು ಕಾಲುವೆಯನ್ನು ಕಟ್ಟಿಬಿಟ್ಟಿದ್ದೇವೆ.

ನಾಣ್ಯ ಭಾರ ಎಂಬ ಆಕ್ಷೇಪವಿದೆ. ನಿಜ. ಹತ್ತರ ನಾಣ್ಯ ಸುಮಾರು 7.7 ಗ್ರಾಂ. ಕಂಡಕ್ಟರ್ ಚೀಲದಲ್ಲಿ ಎರಡು ಸಾವಿರ ರೂಪಾಯಿಯಷ್ಟು ಹತ್ತರ ನಾಣ್ಯ ಸೇರಿದರೆ ಒಂದೂವರೆ ಕಿಲೋ ದಾಟುತ್ತದೆ. ಹತ್ತು, ಇಪ್ಪತ್ತರಲ್ಲಿ ಜನ ನೋಟನ್ನೇ ಮೆಚ್ಚುತ್ತಾರೆ, ನಾಣ್ಯದ ತೂಕ ಮತ್ತು ಗಾತ್ರ ಅವರಿಗೆ ತೊಂದರೆ ಎಂದು 2022ರ ರಿಸರ್ವ್ ಬ್ಯಾಂಕ್ ಸಮೀಕ್ಷೆ ಹೇಳಿದ್ದಾಗಿ ಕೇಂದ್ರ ಸರಕಾರ 2025ರಲ್ಲಿ ದೆಹಲಿ ಹೈಕೋರ್ಟಿಗೆ ತಿಳಿಸಿತು. ಸಮೀಕ್ಷೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮುಂದಿನ ಅಂಗಡಿಯಲ್ಲಿ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬ ಭಯವಿರುವ ದುಡ್ಡು ಇಷ್ಟವೇ ಎಂದು ಕೇಳಿದರೆ ಯಾರು ಹೌದೆನ್ನುತ್ತಾರೆ? ಹತ್ತು ಸಲೀಸಾಗಿ ಕೈ ಬದಲಾದರೆ ಒಬ್ಬರ ಬಳಿ ನಾಲ್ಕೈದಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಇಪ್ಪತ್ತರ ನಾಣ್ಯ ಬಳಕೆಗೆ ಬಂದರೆ ಭಾರ ಇನ್ನೂ ಇಳಿಯುತ್ತದೆ. ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ಒದ್ದೆ ಕೈಯಲ್ಲಿ ದುಡಿಯುವವರು, ಮಲೆನಾಡಿನ ಮಳೆಗಾಲದಲ್ಲಿ ಬಸ್ಸು ಕಾಯುವವರು, ಸೊಂಟದ ಎಲೆಯಡಿಕೆ ಚೀಲದಲ್ಲಿ ದುಡ್ಡಿಡುವ ಅಜ್ಜಿಯರು, ಇವರಿಗೆ ಕಾಗದ ಎಷ್ಟು ಅನುಕೂಲ ಎಂಬುದನ್ನೂ ಕೇಳಬೇಕಿತ್ತು. ಇಪ್ಪತ್ತರವರೆಗಿನ ಹರಿದ ನೋಟಿನಲ್ಲಿ ಒಂದೇ ತುಂಡು ಅರ್ಧಕ್ಕಿಂತ ದೊಡ್ಡದಾಗಿ ಉಳಿದಿದ್ದರೆ ಬ್ಯಾಂಕು ಪೂರ್ತಿ ಬೆಲೆ ಕೊಡಬೇಕು. ಅದಕ್ಕಿಂತ ಚಿಕ್ಕದಾದರೆ ಏನೂ ಇಲ್ಲ. ಈ ನಿಯಮ ಎಷ್ಟು ಜನ ಕೂಲಿಕಾರರಿಗೆ ಗೊತ್ತು? ಅರ್ಧ ದಿನದ ಕೂಲಿ ಬಿಟ್ಟು ಹತ್ತು ರೂಪಾಯಿಗಾಗಿ ಬ್ಯಾಂಕಿಗೆ ಹೋಗುವವರು ಯಾರು?

ಆ ಹೈಕೋರ್ಟ್ ಮೊಕದ್ದಮೆಯ ಮೂಲ ಪ್ರಶ್ನೆ ನನಗೆ ಬಹಳ ಮುಖ್ಯವೆನಿಸುತ್ತದೆ. ಅದು ದೃಷ್ಟಿ ಇಲ್ಲದವರ ಪರವಾದ ಪ್ರಶ್ನೆ. ನೂರು ಮತ್ತು ಮೇಲಿನ ನೋಟುಗಳಲ್ಲಿ ಬೆರಳಿಗೆ ತಾಗುವ ಉಬ್ಬು ಗುರುತುಗಳಿವೆ. ಐವತ್ತು, ಇಪ್ಪತ್ತು, ಹತ್ತರಲ್ಲಿ ಇಲ್ಲ. ನಮ್ಮ ಹಂಪಿಯ ಕಲ್ಲಿನ ರಥವಿರುವ ಐವತ್ತರ ನೋಟು ಕಣ್ಣಿಗೆ ಎಷ್ಟು ಚೆಲುವಾಗಿದ್ದರೂ ಬೆರಳಿಗೆ ಏನೂ ಹೇಳುವುದಿಲ್ಲ. ನೋಟು ಗುರುತಿಸಲು 2020ರಲ್ಲಿ 'ಮಣಿ' ಎಂಬ ಮೊಬೈಲ್ ಆಪ್ ಬಂತು. ಬಸ್ಸಿನ ನೂಕುನುಗ್ಗಲಲ್ಲಿ ಮೊಬೈಲ್ ತೆಗೆದು ನೋಟಿಗೆ ಹಿಡಿಯುವುದು ಆಗುವ ಮಾತೇ? 2019ರ ಮಾರ್ಚ್‌ನಲ್ಲಿ ಬಿಡುಗಡೆಯಾದ ನಾಣ್ಯಮಾಲೆಯನ್ನು ದೃಷ್ಟಿ ಇಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಿದರು. ಬೆಲೆ ಏರಿದಂತೆ ಗಾತ್ರವೂ ತೂಕವೂ ಏರುತ್ತದೆ: ಒಂದು 20 ಮಿಲಿಮೀಟರ್, ಎರಡು 23, ಐದು 25, ಹತ್ತು 27. ಇಪ್ಪತ್ತರದೂ 27, ಆದರೆ ಮೂಲೆಗಳಿವೆ. ಇದು ನಿಜಕ್ಕೂ ಒಳ್ಳೆಯ ಕೆಲಸ. ಹಿಂದಿನ ಒಂದು, ಎರಡು ರೂಪಾಯಿಗಳು ಕಣ್ಣಿದ್ದವರಿಗೇ ಗೊಂದಲ ಹುಟ್ಟಿಸುತ್ತಿದ್ದವು. ಈ ಮಾಲೆಯೊಂದನ್ನೇ ಉಳಿಸಿಕೊಂಡು ಹಳೆಯ ವಿನ್ಯಾಸಗಳನ್ನು ಬ್ಯಾಂಕುಗಳ ಮೂಲಕ ಮೆಲ್ಲಗೆ ಹಿಂತೆಗೆದರೆ, ದೃಷ್ಟಿ ಇಲ್ಲದವರು ಬೇರೆಯವರನ್ನು ಕೇಳದೆ ತಮ್ಮ ದುಡ್ಡು ಎಣಿಸಿಕೊಳ್ಳಬಹುದು.

ಯುಪಿಐ ಇರುವಾಗ ಇದೆಲ್ಲ ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಣ್ಣ ಪಾವತಿ ದೊಡ್ಡ ಪ್ರಮಾಣದಲ್ಲಿ ಮೊಬೈಲಿಗೆ ಹೋಗಿದೆ, ಇನ್ನೂ ಹೋಗುತ್ತದೆ. ಅಮೆರಿಕದ ತಿಜೋರಿಗಳಲ್ಲಿ ಬಿದ್ದ ನಾಣ್ಯಗಳಿಂದ ನಾವು ಕಲಿಯುವುದೂ ಇದೆ: ಬೇಕಾಗುವ ಸಂಖ್ಯೆಯನ್ನು ಅತಿಯಾಗಿ ಅಂದಾಜಿಸಿ ಮತ್ತೆ ಉಗ್ರಾಣ ತುಂಬಬಾರದು. ಆದರೆ ನಗದಿನಲ್ಲೇ ಉಳಿಯುವವರು ವಯಸ್ಸಾದವರು, ಓದು ಬಾರದವರು, ನೆಟ್‌ವರ್ಕ್ ಇಲ್ಲದ ಹಳ್ಳಿಯವರು. ಉಳ್ಳವರು ಬಿಟ್ಟುಹೋದ ಸೌಕರ್ಯದ ರಿಪೇರಿ ಯಾವಾಗಲೂ ನಿಧಾನವಾಗುತ್ತದೆ. ಹತ್ತರ ನೋಟಿಗೆ ಅದೇ ಗತಿ ಬರುತ್ತಿದೆ. ಗರಿಗರಿ ಹತ್ತರ ಕಟ್ಟು ಈಗ ಕಾಣುವುದು ಹೆಚ್ಚಾಗಿ ಮದುವೆಮನೆಗಳಲ್ಲಿ. ನೋಡಿಕೊಳ್ಳುವವರಿಲ್ಲದಿದ್ದರೂ ಬಾಳುವ ದುಡ್ಡು ನಗದಿನಲ್ಲೇ ಉಳಿದವರಿಗೆ ಬೇಕು, ಲೋಹಕ್ಕೆ ಆ ಗುಣವಿದೆ.

ಹಾಗಾದರೆ ಏನು ಮಾಡಬೇಕು? ನಾಣ್ಯ ವಾಪಸು ಪಡೆದ ಶಾಖೆಗೆ ಹಂಚಿದಷ್ಟೇ ಪ್ರೋತ್ಸಾಹಧನ ಸಿಗಬೇಕು. ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಒಂದು ಕಡೆಯಾದರೂ, ನಾಣ್ಯ ಸುರಿದರೆ ಎಣಿಸಿ ಖಾತೆಗೆ ಜಮೆ ಮಾಡುವ ಯಂತ್ರವಿರಬೇಕು. 2023ರಲ್ಲಿ ರಿಸರ್ವ್ ಬ್ಯಾಂಕು 12 ನಗರಗಳಲ್ಲಿ ಪ್ರಯೋಗಕ್ಕೆಂದು ಪ್ರಕಟಿಸಿದ ಯಂತ್ರ ಕ್ಯೂಆರ್ ಕೋಡ್ ತೋರಿಸಿದರೆ ನಾಣ್ಯ ಕೊಡುತ್ತದೆ. ಅದೂ ಹೊರಗೆ ಹಾಕುವ ಯಂತ್ರವೇ. ಒಳಗೆ ತೆಗೆದುಕೊಳ್ಳುವುದು ಬೇಕು. ನಮ್ಮ ದೇವಸ್ಥಾನಗಳ ಹುಂಡಿಗಳಲ್ಲಿ ರಾಶಿಗಟ್ಟಲೆ ಚಿಲ್ಲರೆ ಬೀಳುತ್ತದೆ, ಸಾರಿಗೆ ಡಿಪೋಗಳಿಗೆ ದಿನವೂ ಚಿಲ್ಲರೆ ಬೇಕು. ಮುಜರಾಯಿ ಇಲಾಖೆ, ಸಾರಿಗೆ ನಿಗಮ ಮತ್ತು ಬ್ಯಾಂಕು ಜಿಲ್ಲಾ ಮಟ್ಟದಲ್ಲಿ ಕೂತು ಮಾತಾಡಿದರೆ ಈ ಎರಡನ್ನೂ ಜೋಡಿಸಬಹುದು. ಬಸ್ಸಿನಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ವಿದ್ಯುತ್ ಬಿಲ್ ಕಟ್ಟುವ ಕೌಂಟರಿನಲ್ಲಿ ಹತ್ತರ ನಾಣ್ಯ ತೆಗೆದುಕೊಳ್ಳುವುದು ಕಣ್ಣಿಗೆ ಕಂಡರೆ ಅಂಗಡಿಯವರಿಗೆ ಬೇರೆ ಪ್ರಕಟಣೆ ಬೇಕಾಗುವುದಿಲ್ಲ. ಇಷ್ಟಾಗಿ ಒಂದೆರಡು ವರ್ಷ ನಡೆದ ಮೇಲೆ ಹತ್ತರ ನೋಟಿನ ಮುದ್ರಣ ನಿಲ್ಲಿಸಲಿ. ಆಗ ಮೈಸೂರಿನ ಮುದ್ರಣಾಲಯಕ್ಕೂ ಕೆಲಸ ಕಡಿಮೆಯಾಗುವುದಿಲ್ಲ, ನೂರು ಐನೂರರ ನೋಟುಗಳ ಬೇಡಿಕೆ ಅಷ್ಟಿದೆ.

ಒಂದು ನಷ್ಟ ಮಾತ್ರ ನನ್ನನ್ನು ಕಾಡುತ್ತದೆ. ಹತ್ತರ ನೋಟಿನ ಹಿಂಬದಿಯ ಭಾಷಾಪಟ್ಟಿಯಲ್ಲಿ ಕನ್ನಡವೂ ಸೇರಿ 15 ಭಾಷೆಗಳಿವೆ. ನಾಣ್ಯದ ಮೇಲೆ ಹಿಂದಿ ಮತ್ತು ಇಂಗ್ಲಿಷ್ ಮಾತ್ರ. ಎರಡು, ಐದರ ನೋಟು ಹೋದಾಗ ಆ ಮೊತ್ತಗಳಿಂದ ಕನ್ನಡ ಹೋಯಿತು. ಹತ್ತು ಹೋದರೆ ಅಲ್ಲಿಂದಲೂ ಹೋಗುತ್ತದೆ. ಅತಿ ಹೆಚ್ಚು ಜನ ಮುಟ್ಟುವ ದುಡ್ಡಿನ ಮೇಲೆ ಅವರ ಲಿಪಿಯೇ ಇಲ್ಲದಂತಾಗುತ್ತದೆ. ಜಾಗ ಸಾಲದು ಎಂಬ ಸಬೂಬನ್ನು ನಾನು ಒಪ್ಪುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯದ ಮೇಲೆ ಕನ್ನಡದಲ್ಲಿ 'ಮಯಿಲಿ ಕಾಸು' ಎಂದೂ, ಜತೆಗೆ ಇಂಗ್ಲಿಷಿನಲ್ಲೂ ಪಾರಸಿಯಲ್ಲೂ ಅಕ್ಷರಗಳಿವೆ. ಐದನೇ ಜಾರ್ಜ್ ಕಾಲದ ಒಂದು ಆಣೆಯ ಪುಟ್ಟ ನಾಣ್ಯದ ಒಂದೇ ಬದಿಯಲ್ಲಿ ಇಂಗ್ಲಿಷ್, ಉರ್ದು, ನಾಗರಿ, ಬಂಗಾಳಿ, ತೆಲುಗು ಐದು ಲಿಪಿಗಳಲ್ಲಿ ಅದರ ಬೆಲೆ ಬರೆದಿದ್ದರು. ಹತ್ತರ ನಾಣ್ಯ ಆ ಆಣೆಗಿಂತ ದೊಡ್ಡದು. ಹತ್ತರ ನಾಣ್ಯಕ್ಕೆ 14 ವಿನ್ಯಾಸ ತಂದ ಟಂಕಸಾಲೆ ಒಂದೇ ಒಂದು ಸಲ ಅಚ್ಚು ಬದಲಿಸಿ, ನೋಟಿನಲ್ಲಿರುವ ಎಲ್ಲ ಲಿಪಿಗಳ ಅಂಕಿಯನ್ನು ನಾಣ್ಯದ ಅಂಚಿನ ವರ್ತುಲದಲ್ಲಿ ಕೂರಿಸಲಿ. ಹತ್ತರ ನೋಟಿನ ಮುದ್ರಣ ನಿಲ್ಲಿಸುವ ಆದೇಶಕ್ಕೆ ಸಹಿ ಬೀಳುವ ಮುಂಚೆಯೇ ಆ ಅಚ್ಚು ಸಿದ್ಧವಾಗಿರಬೇಕು ಎಂದು ಕರ್ನಾಟಕ ಕೇಳಬೇಕು.